ಹಿಮದ ಲೆಕ್ಕವನ್ನು ಅಕ್ಟೋಬರಿನಲ್ಲಿ ಕೇಳಬೇಕು

ಜೂನ್ ತಿಂಗಳ ಎರಡನೇ ಸೋಮವಾರ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ರಾಜ್ಯಗಳಲ್ಲಿ ದೊರೆಯ ಹುಟ್ಟುಹಬ್ಬದ ರಜೆ. ಅಲ್ಲಿನ ಸ್ಕೀ ಋತು ಶುರುವಾಗುವುದೂ ಅದೇ ವಾರಾಂತ್ಯಕ್ಕೆ. ಸಿಡ್ನಿಯ ಪಶ್ಚಿಮ ಭಾಗದ ಹ್ಯಾರಿಸ್ ಪಾರ್ಕ್, ಭಾರತೀಯರೇ ತುಂಬಿರುವ ಪುಟ್ಟ ಬಡಾವಣೆ. ಅದರ ವಿಗ್ರಮ್ ಸ್ಟ್ರೀಟಿನ ಉದ್ದಕ್ಕೂ ದೋಸೆ, ಚಾಟ್, ಮಿಠಾಯಿ ಅಂಗಡಿಗಳು. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಅವರಿಗೆ ಹಿಮ ತೋರಿಸದೆ ಕಳಿಸುವ ಮಾತೇ ಇಲ್ಲ. ಜಾಕೆಟ್, ಬೂಟು ಬಾಡಿಗೆಗೆ ಹಿಡಿದು, ಪುಳಿಯೋಗರೆ ಕಟ್ಟಿಕೊಂಡು, ಸುಮಾರು 450 ಕಿಲೋಮೀಟರ್ ದೂರದ ಜಿಂಡಬೈನ್ ಕಡೆಗೆ ರಾತ್ರಿಯೇ ಹೊರಡುವ ಸಂಸಾರಗಳು ಎಷ್ಟೋ. ಮೆಲ್ಬರ್ನ್‌ನವರಿಗೆ ಮೌಂಟ್ ಬುಲರ್, ಲೇಕ್ ಮೌಂಟನ್ ಇನ್ನೂ ಹತ್ತಿರ. ಎರಡೂ ನಗರಗಳಲ್ಲಿ ಆಗ ಕೇಳಿಬರುವ ಪ್ರಶ್ನೆ ಒಂದೇ: ಈ ಸಲ ಸ್ನೋ ಹೇಗಿದೆ?

ಪ್ರಶ್ನೆ ಸರಳವಾದದ್ದು. ಆದರೆ ಅದನ್ನು ಸ್ವಲ್ಪ ಹಿಗ್ಗಿಸಿ, "ಐವತ್ತು ಅರವತ್ತು ವರ್ಷಗಳಲ್ಲಿ ಸ್ನೋ ಹೇಗಾಗಿದೆ?" ಎಂದು ಕೇಳಿದ ಕೂಡಲೇ ಅದು ಆಸ್ಟ್ರೇಲಿಯಾದ ನೀರು, ವಿದ್ಯುತ್ತು, ಬೇಸಾಯ, ಕಾಡುಪ್ರಾಣಿ ಎಲ್ಲವನ್ನೂ ಮುಟ್ಟುವ ಪ್ರಶ್ನೆಯಾಗುತ್ತದೆ. ಇದಕ್ಕೆ ಉತ್ತರ ಇದೆ. ಉತ್ತರ ಯಾವ ಅಂಕಿಯಲ್ಲಿದೆ ಎಂಬುದನ್ನು ಮಾತ್ರ ಜನ, ಪತ್ರಿಕೆ, ಸರ್ಕಾರ ಮೂವರೂ ತಪ್ಪಾಗಿ ಹುಡುಕುತ್ತಿದ್ದಾರೆ.

ಉತ್ತರ ಇರುವ ಜಾಗದ ಹೆಸರು ಸ್ಪೆನ್ಸರ್ಸ್ ಕ್ರೀಕ್. ಪೆರಿಷರ್ ಕಣಿವೆಗೂ ಷಾರ್ಲಟ್ ಪಾಸ್‌ಗೂ ನಡುವೆ, ಸಮುದ್ರಮಟ್ಟದಿಂದ 1,830 ಮೀಟರ್ ಎತ್ತರದಲ್ಲಿ ಹರಿಯುವ ಒಂದು ತೊರೆ. ಅಲ್ಲಿ 1954ರಿಂದ ಚಳಿಗಾಲದುದ್ದಕ್ಕೂ ವಾರಕ್ಕೊಮ್ಮೆ ಯಾರಾದರೊಬ್ಬರು ಹೋಗಿ ಹಿಮದ ಆಳ ಅಳೆಯುತ್ತಾರೆ. ಸ್ಕೀ ಆಡುವವರ ಅನುಕೂಲಕ್ಕೆಂದು ಶುರುವಾದ ಕೆಲಸವಲ್ಲ ಅದು. 1949ರಲ್ಲಿ ಆರಂಭವಾಗಿ 1974ರಲ್ಲಿ ಮುಗಿದ ಸ್ನೋಯಿ ಮೌಂಟನ್ಸ್ ಯೋಜನೆಯ ಎಂಜಿನಿಯರುಗಳಿಗೆ ಬೇಕಾಗಿದ್ದದ್ದು ಒಂದೇ ಮಾಹಿತಿ: ಬೆಟ್ಟದ ಮೇಲೆ ಎಷ್ಟು ನೀರು ಗಟ್ಟಿಯಾಗಿ ಕೂತಿದೆ, ವಸಂತದಲ್ಲಿ ಅದು ಕರಗಿ ಜಲಾಶಯಗಳಿಗೆ ಎಷ್ಟು ಇಳಿಯುತ್ತದೆ? ಮೂವತ್ತಕ್ಕೂ ಹೆಚ್ಚು ದೇಶಗಳಿಂದ ಬಂದ ಒಂದು ಲಕ್ಷಕ್ಕೂ ಮಿಕ್ಕಿದ ಕೆಲಸಗಾರರು ಕಟ್ಟಿದ ಆ ಯೋಜನೆಯಲ್ಲಿ ದೊಡ್ಡ ಅಣೆಕಟ್ಟುಗಳೇ 16. ಬೆಟ್ಟದೊಳಗೆ ಕೊರೆದ ಸುರಂಗಗಳ ಉದ್ದ 145 ಕಿಲೋಮೀಟರ್. ದಕ್ಷಿಣಕ್ಕೆ ಹರಿದು ಸಮುದ್ರ ಸೇರುತ್ತಿದ್ದ ಸ್ನೋಯಿ ನದಿಯ ನೀರನ್ನು ಬೆಟ್ಟದ ಒಡಲಿನಿಂದಲೇ ಪಶ್ಚಿಮಕ್ಕೆ ತಿರುಗಿಸಿ, ಮರ್ರೆ ಮತ್ತು ಮರ್ರಂಬಿಜಿ ನದಿಗಳ ಕಡೆಗೆ ಹರಿಸುವುದು ಅದರ ಗುರಿ. ಆಸ್ಟ್ರೇಲಿಯಾದ ಭತ್ತದ ಕಣಜ ಎನಿಸಿದ ರಿವರೀನಾ ಬಯಲು ಈ ನದಿಗಳ ನೀರನ್ನೇ ನಂಬಿದೆ.

ಆ ಎಂಜಿನಿಯರುಗಳು ಬರೆದಿಟ್ಟ ಪುಸ್ತಕವನ್ನು ಇಂದಿಗೂ ಸ್ನೋಯಿ ಹೈಡ್ರೋ ಸಂಸ್ಥೆ ಮುಂದುವರಿಸಿಕೊಂಡು ಬಂದಿದೆ. ಸ್ಪೆನ್ಸರ್ಸ್ ಕ್ರೀಕ್ ಅಲ್ಲದೆ, ಅದಕ್ಕಿಂತ ತಗ್ಗಿನ ಡೀಪ್ ಕ್ರೀಕ್ (1,620 ಮೀಟರ್) ಮತ್ತು ಥ್ರೀ ಮೈಲ್ ಡ್ಯಾಮ್ (1,460 ಮೀಟರ್) ಎಂಬ ಎರಡು ಕಡೆಯೂ ಅಳತೆ ನಡೆಯುತ್ತದೆ. ಅಂಕಿಗಳು ಎಲ್ಲರಿಗೂ ಸಿಗುತ್ತವೆ. ಒಂದೇ ಜಾಗ, ಒಂದೇ ಕ್ರಮ, ಏಳು ದಶಕ. ಇಷ್ಟು ಉದ್ದದ, ಇಷ್ಟು ಶಿಸ್ತಿನ ಹಿಮದ ದಾಖಲೆ ದಕ್ಷಿಣ ಗೋಳಾರ್ಧದಲ್ಲಿ ಅಪರೂಪ.

ಹಾಗಿದ್ದರೆ ಆ ಅಂಕಿಗಳ ಮೇಲೆ ಒಂದು ಗೆರೆ ಎಳೆದು, ಗೆರೆ ಇಳಿಯುತ್ತಿದೆಯೇ ಏರುತ್ತಿದೆಯೇ ನೋಡಿದರೆ ಆಯಿತಲ್ಲ?

ಆಗುವುದಿಲ್ಲ. 1981ರಲ್ಲಿ ಸ್ಪೆನ್ಸರ್ಸ್ ಕ್ರೀಕ್‌ನ ಹಿಮ 361 ಸೆಂಟಿಮೀಟರ್ ಮುಟ್ಟಿತು. ಎತ್ತರದ ಆಳು ಒಬ್ಬನ ಮೇಲೆ ಇನ್ನೊಬ್ಬ ನಿಂತಷ್ಟು. ಮರುವರ್ಷ, 1982ರ ಎಲ್ ನಿನೋ ಬರದಲ್ಲಿ, ಅದೇ ಜಾಗದ ಗರಿಷ್ಠ ಆಳ ಒಂದು ಮೀಟರಿನ ಆಸುಪಾಸಿನಲ್ಲೇ ನಿಂತಿತು. 2006ರಲ್ಲಿ 85 ಸೆಂಟಿಮೀಟರ್. ಒಂದು ವರ್ಷದಿಂದ ಇನ್ನೊಂದಕ್ಕೆ ಇಷ್ಟು ಹೊಯ್ದಾಡುವ ಅಂಕಿಗಳ ಮೇಲೆ ಯಾರು ಯಾವ ಗೆರೆ ಬೇಕಾದರೂ ಎಳೆಯಬಹುದು. 1981ರಿಂದ ಶುರುಮಾಡಿದರೆ ಹಿಮ ಮುಗಿದೇ ಹೋಯಿತು ಎನಿಸುವ ಇಳಿಜಾರು. 2006ರಿಂದ ಶುರುಮಾಡಿದರೆ ಹಿಮ ಹೆಚ್ಚುತ್ತಿದೆ ಎನ್ನುವ ಏರು. ಎರಡೂ ನಿಜವಾದ ಅಂಕಿಗಳೇ. ಎರಡೂ ದಾರಿ ತಪ್ಪಿಸುವ ಗೆರೆಗಳೇ. ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ಎರಡೂ ಪಾಳೆಯದವರು ಈ ಆಟ ಆಡಿದ್ದಾರೆ. ಓದುಗರು ಅಂಥ ಚಿತ್ರ ಕಂಡಾಗ ಮೊದಲು ಕೇಳಬೇಕಾದ್ದು ಒಂದೇ: ಲೆಕ್ಕ ಯಾವ ವರ್ಷದಿಂದ ಶುರುವಾಗಿದೆ, ಆ ವರ್ಷದಿಂದಲೇ ಏಕೆ?

ಇಲ್ಲಿ ಸಂಖ್ಯಾಶಾಸ್ತ್ರ ಕೆಲಸಕ್ಕೆ ಬರುತ್ತದೆ. ಒಂದು ಲೆಕ್ಕ ಹಾಕಿ ನೋಡಬಹುದು. ವರ್ಷ ವರ್ಷದ ಗರಿಷ್ಠ ಆಳ ಸರಾಸರಿಯಿಂದ ಸಾಮಾನ್ಯವಾಗಿ 60 ಸೆಂಟಿಮೀಟರಿನಷ್ಟು ಆಚೀಚೆ ಹೊಯ್ದಾಡುತ್ತದೆ ಎಂದಿಟ್ಟುಕೊಳ್ಳಿ. ಕೈಯಲ್ಲಿ 20 ವರ್ಷದ ದಾಖಲೆ ಮಾತ್ರ ಇದ್ದರೆ, ಎಳೆದ ಗೆರೆಯ ಇಳಿಜಾರಿನಲ್ಲಿ ದಶಕಕ್ಕೆ ಸುಮಾರು 45 ಸೆಂಟಿಮೀಟರ್ ಹೆಚ್ಚು ಅಥವಾ ಕಡಿಮೆ ಎನ್ನುವಷ್ಟು ಅನಿಶ್ಚಿತತೆ ಉಳಿಯುತ್ತದೆ. ಅಂದರೆ ಹಿಮ ದಶಕಕ್ಕೆ 30 ಸೆಂಟಿಮೀಟರ್ ಕುಸಿಯುತ್ತಿದ್ದರೂ ಆ ದಾಖಲೆಯಿಂದ ಅದನ್ನು ಎದೆ ತಟ್ಟಿ ಹೇಳಲಾಗದು. ಅದೇ ದಾಖಲೆ 70 ವರ್ಷದ್ದಾದರೆ ಅನಿಶ್ಚಿತತೆ ದಶಕಕ್ಕೆ 7 ಸೆಂಟಿಮೀಟರಿಗೆ ಇಳಿಯುತ್ತದೆ. ದಾಖಲೆಯ ವರ್ಷಗಳು ಎರಡು ಪಟ್ಟಾದರೆ ಅನಿಶ್ಚಿತತೆ ಅರ್ಧಕ್ಕಲ್ಲ, ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ ಎಂಬುದು ಈ ಗಣಿತದ ದೊಡ್ಡ ಉಪಕಾರ. ತಾಳ್ಮೆಗೆ ಬಡ್ಡಿ ಜೋರಾಗಿಯೇ ಸಿಗುತ್ತದೆ.

ಜಾಣ ಸೂತ್ರವೊಂದನ್ನು ಕಂಡುಹಿಡಿದು 20 ವರ್ಷದ ದಾಖಲೆಯಿಂದಲೇ 70 ವರ್ಷದ ಖಚಿತತೆ ಹಿಂಡಿ ತೆಗೆಯಲಾಗದೆ? ಆಗದು ಎಂದು ತೋರಿಸಿಕೊಟ್ಟವರಲ್ಲಿ ಒಬ್ಬರು ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. 1945ರಲ್ಲಿ ಕಲ್ಕತ್ತಾದ ಗಣಿತ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅವರ ಪ್ರಬಂಧ, ಕೊಟ್ಟಷ್ಟು ಮಾಹಿತಿಯಿಂದ ಪಕ್ಷಪಾತವಿಲ್ಲದ ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಹುದು ಎಂಬುದಕ್ಕೆ ಒಂದು ಎಲ್ಲೆ ಹಾಕಿತು. ಸ್ವೀಡನ್ನಿನ ಹೆರಾಲ್ಡ್ ಕ್ರಾಮರ್ ಬೇರೆಯಾಗಿಯೇ ಅದೇ ಫಲಿತಾಂಶಕ್ಕೆ ಬಂದಿದ್ದರಿಂದ ಅದಕ್ಕೆ ಇಬ್ಬರ ಹೆಸರೂ ಅಂಟಿಕೊಂಡಿದೆ. ಯಾವ ಕಂಪ್ಯೂಟರ್ ಬಂದರೂ, ಯಾವ ಹೊಸ ಮಾದರಿ ಬಂದರೂ ಆ ಎಲ್ಲೆಯನ್ನು ಹಾರಲಾಗದು. 2023ರಲ್ಲಿ, 102ನೇ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ಬೆಟ್ಟದ ಮೇಲೆ ವಾರಕ್ಕೊಮ್ಮೆ ಕೋಲು ಹಿಡಿದು ಹೋಗುವ ಕೆಲಸಗಾರನ ಬೆಲೆ ಎಷ್ಟೆಂದು ತಿಳಿಯಬೇಕಾದರೆ ರಾಯರ ಆ ಎಲ್ಲೆಯನ್ನು ನೆನೆಯಬೇಕು. ಆತ ಹೋಗದ ವರ್ಷವನ್ನು ಆಮೇಲೆ ಯಾರೂ ತುಂಬಿಕೊಡಲಾರರು.

ಹೀಗೆ ತುಂಬಿಕೊಡಲಾರದೆ ಹೋದ ದಾಖಲೆಯೊಂದು ಅದೇ ಬೆಟ್ಟದಲ್ಲಿದೆ. ಕ್ಲೆಮೆಂಟ್ ರ‍್ಯಾಗ್ ಎಂಬ ಹಟಮಾರಿ ಹವಾಮಾನ ತಜ್ಞ 1897ರಲ್ಲಿ ಆಸ್ಟ್ರೇಲಿಯಾದ ಅತಿ ಎತ್ತರದ ಶಿಖರ ಕಾಸಿಯಸ್ಕೋದ ನೆತ್ತಿಯಲ್ಲೇ, 2,228 ಮೀಟರ್ ಎತ್ತರದಲ್ಲಿ, ವೀಕ್ಷಣಾಲಯ ತೆರೆದ. ಮೊದಲು ಡೇರೆ, ಬಿರುಗಾಳಿಗೆ ಅದು ನಿಲ್ಲದೆ ಹೋದಾಗ ಮರದ ಗುಡಿಸಲು. ಚಳಿಗಾಲಗಳನ್ನು ಅಲ್ಲೇ ಕಳೆದ ವೀಕ್ಷಕರು ಹಗಲೂ ರಾತ್ರಿಯೂ ಉಷ್ಣತೆ, ಒತ್ತಡ, ಗಾಳಿ ಬರೆದುಕೊಂಡರು. 1902ರಲ್ಲಿ ಸರ್ಕಾರದ ಹಣ ನಿಂತಿತು, ವೀಕ್ಷಣಾಲಯ ಮುಚ್ಚಿತು. ಅದು ಮುಂದುವರಿದಿದ್ದರೆ ಆ ಬೆಟ್ಟದ ನೆತ್ತಿಯ ಬಗ್ಗೆ ಇಂದು ಶತಮಾನಕ್ಕೂ ಮಿಕ್ಕಿದ ಕತೆ ಗೊತ್ತಿರುತ್ತಿತ್ತು. ಉಳಿಸಿದ ಹಣ ಎಷ್ಟಿದ್ದೀತು? ಕಳೆದುಕೊಂಡದ್ದಕ್ಕೆ ಹೋಲಿಸಿದರೆ ಏನೂ ಅಲ್ಲ.

ಸ್ಪೆನ್ಸರ್ಸ್ ಕ್ರೀಕ್‌ನ ಅಂಕಿಗಳಿಗೆ ಮರಳೋಣ. ದಾಖಲೆ ಉದ್ದ ಇದ್ದರಷ್ಟೇ ಸಾಲದು, ಅದರಿಂದ ಯಾವ ಅಂಕಿ ಎತ್ತಿಕೊಳ್ಳುತ್ತೇವೆ ಎಂಬುದೂ ಮುಖ್ಯ. ಸುದ್ದಿಯಾಗುವುದು ಯಾವಾಗಲೂ ಗರಿಷ್ಠ ಆಳ: ಈ ವರ್ಷ ಹಿಮ ಇಷ್ಟು ಸೆಂಟಿಮೀಟರ್ ಮುಟ್ಟಿತು, ಕಳೆದ ವರ್ಷಕ್ಕಿಂತ ಇಷ್ಟು ಹೆಚ್ಚು. 2005ರಲ್ಲಿ ಮೆಲ್ಬರ್ನ್‌ನ ಹವಾಮಾನ ವಿಜ್ಞಾನಿ ನೆವಿಲ್ ನಿಕೋಲ್ಸ್ ಆಸ್ಟ್ರೇಲಿಯಾದ ಹವಾಮಾನ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಅಭ್ಯಾಸವನ್ನೇ ಪ್ರಶ್ನಿಸುವಂತಿತ್ತು. 1962ರಿಂದ ಸುಮಾರು ನಾಲ್ಕು ದಶಕಗಳ ಅಂಕಿಗಳಲ್ಲಿ ಗರಿಷ್ಠ ಆಳ ಕುಸಿದದ್ದು ಹತ್ತಿರ ಹತ್ತಿರ ಶೇ 10 ಮಾತ್ರ. ಅಷ್ಟೊಂದು ಹೊಯ್ದಾಟದ ನಡುವೆ ಅದು ಗಮನಕ್ಕೂ ಬಾರದಷ್ಟು ಸಣ್ಣ ಇಳಿಕೆ. ಆದರೆ ವಸಂತದ ಹಿಮ, ಅಂದರೆ ಅಕ್ಟೋಬರ್ ಆರಂಭದಲ್ಲಿ ನೆಲದ ಮೇಲೆ ಉಳಿದಿರುವ ಆಳ? ಅದು ಶೇ 40ರಷ್ಟು ಕುಸಿದಿತ್ತು.

ಒಂದೇ ತೊರೆ, ಒಂದೇ ಪುಸ್ತಕ, ಅಳೆದವರೂ ಅದೇ ಸಂಸ್ಥೆಯವರು. ಒಂದು ಕಾಲಂ ನೋಡಿದರೆ "ಹೆಚ್ಚೇನೂ ಆಗಿಲ್ಲ", ಪಕ್ಕದ ಕಾಲಂ ನೋಡಿದರೆ "ಅರ್ಧಕ್ಕೆ ಹತ್ತಿರ ಹೋಯಿತು".

ಕಾರಣ ಹುಡುಕುವುದರಲ್ಲೇ ಮಾದರಿ ಕಟ್ಟುವ ಕಲೆ ಇದೆ. ಗರಿಷ್ಠ ಆಳವನ್ನು ಮುಖ್ಯವಾಗಿ ನಿರ್ಧರಿಸುವುದು ಚಳಿಗಾಲದಲ್ಲಿ ಮೋಡ ತಂದು ಸುರಿಯುವ ತೇವ. ಅದು ಶಾಂತ ಸಾಗರದ ಎಲ್ ನಿನೋ, ಹಿಂದೂ ಮಹಾಸಾಗರದ ಪೂರ್ವ ಪಶ್ಚಿಮಗಳ ಉಷ್ಣತೆಯ ತೂಗಾಟ, ದಕ್ಷಿಣ ಧ್ರುವದ ಸುತ್ತಲ ಗಾಳಿಪಟ್ಟಿ ಯಾವ ಕಡೆ ಸರಿಯಿತು ಎಂಬುದರ ಮೇಲೆ ನಿಂತಿದೆ. ಈ ಹಿಂದೂ ಮಹಾಸಾಗರದ ತೂಗಾಟವೇ ನಮ್ಮ ಮುಂಗಾರನ್ನೂ ಮುಟ್ಟುತ್ತದೆ ಎಂಬುದು ಕನ್ನಡ ಓದುಗರಿಗೆ ಹೊಸದೇನಲ್ಲ. ವಸಂತದ ಹಿಮವನ್ನು ನಿರ್ಧರಿಸುವುದು ಎರಡು ಸಂಗತಿ: ಗರಿಷ್ಠ ಎಷ್ಟಿತ್ತು, ಅದರ ನಂತರದ ವಾರಗಳು ಎಷ್ಟು ಬೆಚ್ಚಗಿದ್ದವು. ತೇವ ವರ್ಷದಿಂದ ವರ್ಷಕ್ಕೆ ಹುಚ್ಚಾಬಟ್ಟೆ ಏರಿಳಿಯುತ್ತದೆ. ಉಷ್ಣತೆ ನಿಧಾನವಾಗಿ, ಒಂದೇ ದಿಕ್ಕಿಗೆ ಸರಿಯುತ್ತಿದೆ. 1910ರಿಂದ ಈಚೆಗೆ ಆಸ್ಟ್ರೇಲಿಯಾದ ಸರಾಸರಿ ಉಷ್ಣತೆ ಸುಮಾರು ಒಂದೂವರೆ ಡಿಗ್ರಿ ಸೆಲ್ಸಿಯಸ್ ಏರಿದೆ. ಎರಡನ್ನೂ ಬೇರೆ ಬೇರೆ ಮಾಡಿ ಲೆಕ್ಕ ಹಾಕಿದಾಗ ಮಾತ್ರ ಯಾವುದು ಸಾಗರದ ಹೊಯ್ದಾಟ, ಯಾವುದು ಬಿಸಿಯೇರಿಕೆಯ ಗುರುತು ಎಂದು ತಿಳಿಯುತ್ತದೆ. ನಿಕೋಲ್ಸ್ ಕಂಡದ್ದು ಇದನ್ನೇ: ವಸಂತದ ಕುಸಿತಕ್ಕೆ ಹೊಣೆ ಮುಖ್ಯವಾಗಿ ಉಷ್ಣತೆಯದು.

ಮಂಡ್ಯದ ರೈತನಿಗೆ ಈ ವ್ಯತ್ಯಾಸ ವಿವರಿಸುವ ಅಗತ್ಯವೇ ಬೀಳದು. ಕೆಆರ್‌ಎಸ್ ಆಗಸ್ಟಿನಲ್ಲಿ 124.80 ಅಡಿ ಮುಟ್ಟಿತು, ಬಾಗಿನ ಅರ್ಪಿಸಲಾಯಿತು ಎಂಬ ಸುದ್ದಿ ಓದಿ ಆತ ಸಂತೋಷಪಡುತ್ತಾನೆ ನಿಜ. ಆದರೆ ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರು ಬರುತ್ತದೆಯೇ ಎಂಬುದನ್ನು ಹೇಳುವುದು ಆ ಅಂಕಿಯಲ್ಲ, ಮಾರ್ಚ್ ಏಪ್ರಿಲ್ ಹೊತ್ತಿಗೆ ಕಟ್ಟೆಯಲ್ಲಿ ಉಳಿದ ಮಟ್ಟ. ಹಿಮಕ್ಕೂ ಇದೇ ನ್ಯಾಯ ಸಲ್ಲಬೇಕು. ಬೆಟ್ಟದ ಹಿಮ ಅಂದರೆ ಗೋಡೆಗಳಿಲ್ಲದ ಜಲಾಶಯ. ಅದು ಎಷ್ಟು ತುಂಬಿತು ಎಂಬುದಕ್ಕಿಂತ ಎಷ್ಟು ದಿನ ನಿಂತಿತು ಎಂಬುದರಲ್ಲಿ ಕೆಳಗಿನವರ ಬದುಕಿದೆ.

ದಿನವನ್ನೂ ಆಳವನ್ನೂ ಕೂಡಿಸಿ ಅಳೆಯುವ ಒಂದು ಮಾನ ಆಸ್ಟ್ರೇಲಿಯಾದ ಹಿಮ ಅಧ್ಯಯನದಲ್ಲಿ ಬಳಕೆಯಲ್ಲಿದೆ: ಮೀಟರ್-ದಿನ. ಒಂದು ಮೀಟರ್ ಹಿಮ ನೂರು ದಿನ ನಿಂತರೆ ನೂರು ಮೀಟರ್-ದಿನ. ಜುಲೈನಲ್ಲಿ ಒಂದೇ ಬಿರುಗಾಳಿ ರಾಶಿ ಹಿಮ ಸುರಿಸಿ, ಹದಿನೈದು ದಿನದಲ್ಲಿ ಮಳೆ ಬಂದು ಕರಗಿಸಿಬಿಟ್ಟರೆ ಗರಿಷ್ಠ ಆಳದ ಪಟ್ಟಿಯಲ್ಲಿ ಆ ವರ್ಷ ಚೆನ್ನಾಗಿಯೇ ಕಾಣುತ್ತದೆ. ಮೀಟರ್-ದಿನದ ಪಟ್ಟಿಯಲ್ಲಿ ಬಡವಾಗುತ್ತದೆ. ಪತ್ರಿಕೆಗಳು ಈ ಎರಡನೇ ಪಟ್ಟಿಯನ್ನು ಅಚ್ಚು ಹಾಕಿದರೆ ಜನರ ತಿಳಿವಳಿಕೆಗೆ ದೊಡ್ಡ ಉಪಕಾರವಾದೀತು.

ಉಷ್ಣತೆಗೆ ಎತ್ತರದ ಲೆಕ್ಕವನ್ನೂ ಸೇರಿಸಬೇಕು. ನೂರು ಮೀಟರ್ ಮೇಲೇರಿದರೆ ಸುಮಾರು 0.65 ಡಿಗ್ರಿ ತಂಪು. ಹಾಗಾಗಿ ಒಂದು ಡಿಗ್ರಿ ಬಿಸಿಯೇರಿದರೆ ಹಿಮ ನಿಲ್ಲುವ ಗೆರೆ ಸರಿಸುಮಾರು 150 ಮೀಟರ್ ಮೇಲಕ್ಕೆ ಸರಿಯುತ್ತದೆ. ಆಲ್ಪ್ಸ್‌ನಲ್ಲಿ ಅದಕ್ಕೆ ಸರಿಯಲು ಜಾಗ ಇದೆ. ಅಲ್ಲಿನ ಮಾಂಟ್ ಬ್ಲಾಂಕ್ 4,800 ಮೀಟರ್ ದಾಟುತ್ತದೆ. ಆಸ್ಟ್ರೇಲಿಯಾದಲ್ಲಿ ಸ್ಪೆನ್ಸರ್ಸ್ ಕ್ರೀಕ್‌ನಿಂದ ಕಾಸಿಯಸ್ಕೋದ ತುದಿಗೆ ಇರುವುದು 400 ಮೀಟರಿಗೂ ಕಡಿಮೆ. ಹಿಮಕ್ಕೆ ಓಡಿಹೋಗಲು ಮೇಲೆ ಬೆಟ್ಟವೇ ಇಲ್ಲ. ಆಲ್ಪ್ಸ್‌ನ ಎರಡು ಸಾವಿರಕ್ಕೂ ಹೆಚ್ಚು ಕೇಂದ್ರಗಳ 1971ರಿಂದ 2019ರವರೆಗಿನ ಅಂಕಿಗಳನ್ನು ಒಟ್ಟುಹಾಕಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದೇ ಚಹರೆ: ಋತುವಿನ ಸರಾಸರಿ ಆಳ ದಶಕಕ್ಕೆ ಶೇ 8.4ರಂತೆ ಇಳಿದಿದ್ದರೆ, ಗರಿಷ್ಠ ಆಳ ಶೇ 5.6ರಂತೆ ಮಾತ್ರ. ಗರಿಷ್ಠದ ಅಂಕಿ ಅಲ್ಲಿಯೂ ನಷ್ಟವನ್ನು ಕಡಿಮೆ ಮಾಡಿ ತೋರಿಸುತ್ತದೆ.

ತಗ್ಗಿನ ಜಾಗಗಳಲ್ಲಿ ಸರಳ ಗೆರೆಯ ಗಣಿತ ಇನ್ನೊಂದು ರೀತಿಯಲ್ಲಿ ಸೋಲುತ್ತದೆ. ಥ್ರೀ ಮೈಲ್ ಡ್ಯಾಮ್‌ನಂಥ ಕಡೆ ಋತುವಿನ ಎಷ್ಟೋ ವಾರ ಆಳ ಸೊನ್ನೆ. ಸೊನ್ನೆಗಿಂತ ಕೆಳಗೆ ಹಿಮ ಇಳಿಯಲಾರದು, ಆದರೆ ಕಾಗದದ ಮೇಲಿನ ನೇರ ಗೆರೆ ಇಳಿಯುತ್ತಲೇ ಹೋಗುತ್ತದೆ. ಹಾಗಾಗಿ ಅಲ್ಲಿ ಎರಡು ಹಂತದ ಮಾದರಿ ಬೇಕು: ಹಿಮ ಇರುವ ಸಂಭವ ಎಷ್ಟು, ಇದ್ದರೆ ಆಳ ಎಷ್ಟು. ಸಣ್ಣ ರೆಸಾರ್ಟಿಗೆ, ಅಲ್ಲಿ ಟೊಬಾಗನ್ ಎಂಬ ಹಿಮದ ಜಾರುಬಂಡಿಯಲ್ಲಿ ಜಾರಿಸಲು ಮಕ್ಕಳನ್ನು ಕರೆದೊಯ್ಯುವ ಹ್ಯಾರಿಸ್ ಪಾರ್ಕ್‌ನ ಸಂಸಾರಕ್ಕೆ ಬೇಕಾದ್ದು ಮೊದಲನೆಯ ಹಂತದ ಉತ್ತರವೇ. ಹೊಸದಾಗಿ ಬಂದವರು ಸಾಮಾನ್ಯವಾಗಿ ಹೋಗುವುದು ಇಂಥ ತಗ್ಗಿನ, ಅಗ್ಗದ ಜಾಗಗಳಿಗೆ. ಹಿಮ ಮೊದಲು ಬಿಟ್ಟುಹೋಗುವುದೂ ಅಲ್ಲಿಂದಲೇ.

ಮನುಷ್ಯರ ಮೋಜಿಗಿಂತ ದೊಡ್ಡ ನಷ್ಟವೂ ಋತುವಿನ ಬಾಲಕ್ಕೇ ಅಂಟಿಕೊಂಡಿದೆ. ಮೌಂಟನ್ ಪಿಗ್ಮಿ ಪೋಸಮ್ ಎಂಬ ಅಂಗೈಯಗಲದ, 40 ಗ್ರಾಂ ಆಸುಪಾಸಿನ ಪ್ರಾಣಿಯನ್ನು ವಿಜ್ಞಾನ ಮೊದಲು ಅರಿತದ್ದು ಪಳೆಯುಳಿಕೆಯಾಗಿ, 1895ರಲ್ಲಿ. ಸಂತತಿ ಎಂದೋ ನಶಿಸಿದೆ ಎಂದುಕೊಂಡಿದ್ದಾಗ 1966ರಲ್ಲಿ ವಿಕ್ಟೋರಿಯಾದ ಮೌಂಟ್ ಹೋಥಮ್‌ನ ಸ್ಕೀ ಗುಡಿಸಲೊಂದರಲ್ಲಿ ಜೀವಂತವಾಗಿ ಸಿಕ್ಕಿತು. ಬಂಡೆಗಳ ಸಂದಿನಲ್ಲಿ, ಹಿಮದ ಹೊದಿಕೆಯ ಕೆಳಗೆ ತಿಂಗಳುಗಟ್ಟಲೆ ನಿದ್ರಿಸುವ ಜೀವ ಅದು. ಹಿಮ ಬೇಗ ಕರಗಿದರೆ ಹೊದಿಕೆ ಹೋಗುತ್ತದೆ, ಚಳಿ ಒಳನುಗ್ಗುತ್ತದೆ, ಎಚ್ಚರ ಬೇಗ ಆಗುತ್ತದೆ. ಎದ್ದ ಮೇಲೆ ಅದರ ಮುಖ್ಯ ಆಹಾರ ಬೋಗಾಂಗ್ ಪತಂಗ. ದೂರದ ಬಯಲುಗಳಿಂದ ನೂರಾರು ಕಿಲೋಮೀಟರ್ ಹಾರಿ ವಸಂತದಲ್ಲಿ ಬೆಟ್ಟಕ್ಕೆ ಬರುವ ಹುಳು. ಪೋಸಮ್ ಎದ್ದಾಗ ಪತಂಗ ಬಂದಿರದಿದ್ದರೆ ಹಸಿವು. 2017ರ ನಂತರ ಬರದ ವರ್ಷಗಳಲ್ಲಿ ಪತಂಗಗಳ ಸಂಖ್ಯೆಯೇ ಕುಸಿದು ಈ ಪ್ರಾಣಿಗಳ ಪಾಡು ಇನ್ನೂ ಬಿಗಡಾಯಿಸಿತು. ಆಗಸ್ಟಿನಲ್ಲಿ ಹಿಮ ಎರಡು ಮೀಟರ್ ಇತ್ತು ಎಂಬ ಸುದ್ದಿಯಿಂದ ಪೋಸಮ್‌ಗೆ ಏನೂ ಆಗಬೇಕಿಲ್ಲ. ಸೆಪ್ಟೆಂಬರ್ ಕೊನೆಗೆ ಹೊದಿಕೆ ಇದೆಯೇ ಇಲ್ಲವೇ, ಅಷ್ಟೇ.

ಮುಂದಿನ ದಿನಗಳ ಲೆಕ್ಕದಲ್ಲೂ ಪ್ರಾಮಾಣಿಕತೆಯ ಪ್ರಶ್ನೆ ಏಳುತ್ತದೆ. 2003ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಕೆವಿನ್ ಹೆನ್ನೆಸಿ ಮತ್ತು ಸಂಗಡಿಗರು, ವರ್ಷಕ್ಕೆ ಒಂದು ದಿನವಾದರೂ ಹಿಮ ಹೊದೆಯುವ ಪ್ರದೇಶ 2050ರ ಹೊತ್ತಿಗೆ ಶೇ 22ರಿಂದ ಶೇ 85ರವರೆಗೆ ಕುಗ್ಗಬಹುದು ಎಂದು ಅಂದಾಜಿಸಿದರು. ಅಂತರ ದೊಡ್ಡದು, ಅದನ್ನು ಕಂಡು "ಇವರಿಗೆ ಏನೂ ಗೊತ್ತಿಲ್ಲ" ಎನ್ನುವವರೂ ಇದ್ದಾರೆ, ಶೇ 85 ಒಂದನ್ನೇ ಹಿಡಿದು ತಲೆಬರಹ ಮಾಡುವವರೂ ಇದ್ದಾರೆ. ಇಬ್ಬರೂ ಮಾದರಿಗೆ ಅನ್ಯಾಯ ಮಾಡುತ್ತಾರೆ. ಆ ಅಂತರದ ದೊಡ್ಡ ಪಾಲು ಗಣಿತದ ದೌರ್ಬಲ್ಯವಲ್ಲ, ಜಗತ್ತು ಎಷ್ಟು ಕಲ್ಲಿದ್ದಲು, ಎಣ್ಣೆ ಸುಡಲಿದೆ ಎಂಬ ತೀರ್ಮಾನವಾಗದ ವಿಷಯ. ಕೆಳಗಿನ ಅಂಕಿ ಸುಮ್ಮನೆ ಬರುವುದಿಲ್ಲ, ಅದನ್ನು ಗಳಿಸಬೇಕು. 2024ರಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಸಂಶೋಧಕರ ಜತೆಗೂಡಿ ಪ್ರೊಟೆಕ್ಟ್ ಅವರ್ ವಿಂಟರ್ಸ್ ಸಂಘಟನೆ ಹೊರತಂದ ವರದಿ, ಮಧ್ಯಮ ಪ್ರಮಾಣದ ಹೊಗೆಯಾದರೆ 2050ರ ಹೊತ್ತಿಗೆ ಸ್ಕೀ ಋತು ಸರಾಸರಿ 44 ದಿನ, ಹೆಚ್ಚಿನ ಪ್ರಮಾಣದಲ್ಲಾದರೆ 55 ದಿನ ಮೊಟಕಾಗುತ್ತದೆ ಎಂದಿತು. ದಿನಗಳಲ್ಲಿ ಹೇಳಿದ್ದು ಸರಿಯಾದ ಹೆಜ್ಜೆ. ಸೆಂಟಿಮೀಟರ್‌ಗಿಂತ ದಿನ ಜನರಿಗೆ ಬೇಗ ಅರ್ಥವಾಗುತ್ತದೆ.

ಇದೆಲ್ಲ ದೂರದ ಬೆಟ್ಟದ ವಿಚಾರ, ಕರ್ನಾಟಕಕ್ಕೆ ಏಕೆ ಬೇಕು ಎಂದರೆ ಹಿಮಾಲಯದ ಕಡೆ ನೋಡಬೇಕು. ಕಠ್ಮಂಡುವಿನ ಇಸಿಮೋಡ್ ಸಂಸ್ಥೆ 2025ರಲ್ಲಿ ನೀಡಿದ ವರದಿಯಂತೆ ಹಿಂದೂಕುಶ್ ಹಿಮಾಲಯದಲ್ಲಿ ಹಿಮ ನೆಲದ ಮೇಲೆ ನಿಂತ ಪ್ರಮಾಣ ವಾಡಿಕೆಗಿಂತ ಶೇ 23.6ರಷ್ಟು ಕಡಿಮೆ, 23 ವರ್ಷಗಳಲ್ಲೇ ಅತಿ ಕಡಿಮೆ. ಎಚ್ಚರಿಕೆ ಗಂಭೀರವಾದದ್ದು. ಆದರೆ ಮೇಲಿನ ಲೆಕ್ಕವನ್ನು ನೆನಪಿಟ್ಟ ಓದುಗರು 23 ವರ್ಷ ಎಂಬ ಮಾತಿನಲ್ಲೇ ತಡೆಯುತ್ತಾರೆ. ಗಂಗೆ, ಸಿಂಧೂ, ಬ್ರಹ್ಮಪುತ್ರೆಗಳ ಮೇಲೆ ಕೋಟಿ ಕೋಟಿ ಜನ ಬದುಕುತ್ತಿದ್ದಾರೆ. ಅವುಗಳ ತಲೆಯ ಮೇಲಿನ ಹಿಮದ ಬಗ್ಗೆ ಉಪಗ್ರಹ ಕೊಟ್ಟ ಇಷ್ಟು ಚಿಕ್ಕ ದಾಖಲೆಯನ್ನೇ ನೆಚ್ಚಿಕೊಳ್ಳಬೇಕಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದಲ್ಲಿ ಅನಿಲ್ ಕುಲಕರ್ಣಿ ಅವರಂಥವರು ಹಿಮಾಲಯದ ಹಿಮನದಿಗಳ ಲೆಕ್ಕದಲ್ಲಿ ವರ್ಷಾನುಗಟ್ಟಲೆ ತೊಡಗಿದ್ದಾರೆ. ಅವರ ಕೈಗೆ ಎತ್ತರದಲ್ಲಿ ನೆಲದ ಮೇಲೆ ನಿಂತು ಅಳೆದ ಉದ್ದನೆಯ ದಾಖಲೆ ಸಿಗುವಂತೆ ಮಾಡುವುದು ಸರ್ಕಾರದ ಹೊಣೆ.

ದಾಖಲೆ ತಿರುವಿ ನೋಡಿದ್ದರಿಂದ ತಪ್ಪು ತೀರ್ಮಾನ ತಪ್ಪಿದ ಉದಾಹರಣೆ ಭಾರತದಲ್ಲೇ ಇದೆ. 1926ರಲ್ಲಿ ಒಡಿಶಾದ ಬ್ರಾಹ್ಮಣಿ ನದಿ ಉಕ್ಕಿ ಹರಿದಾಗ ನದಿಯ ಪಾತ್ರವೇ ಮೇಲೆದ್ದಿದೆ, ದಂಡೆಗಳನ್ನು ಎತ್ತರಿಸಬೇಕು ಎಂದು ಎಂಜಿನಿಯರುಗಳು ಹೇಳಿದರು. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಹಲವು ದಶಕಗಳ ಮಳೆ ಮತ್ತು ನೀರಿನ ಮಟ್ಟದ ಅಂಕಿಗಳನ್ನು ಹಿಡಿದು ಕೂತು, ಪಾತ್ರ ಏರಿಲ್ಲ, ಮೇಲಿನ ಪ್ರದೇಶದಲ್ಲಿ ಬಿದ್ದ ಅಸಾಧಾರಣ ಮಳೆಯೇ ಕಾರಣ ಎಂದು ತೋರಿಸಿಕೊಟ್ಟರು. ಯಾರೋ ಗುಮಾಸ್ತರು ದಿನದಿನವೂ ಬರೆದಿಟ್ಟ ಅಂಕಿಗಳಿಲ್ಲದಿದ್ದರೆ ಅವರ ಜಾಣ್ಮೆಗೆ ಕೆಲಸವೇ ಇರುತ್ತಿರಲಿಲ್ಲ.

ಆಸ್ಟ್ರೇಲಿಯಾದಲ್ಲಿ ಆಗಬೇಕಾದ್ದು ಸ್ಪಷ್ಟ. ಸ್ಪೆನ್ಸರ್ಸ್ ಕ್ರೀಕ್, ಡೀಪ್ ಕ್ರೀಕ್, ಥ್ರೀ ಮೈಲ್ ಡ್ಯಾಮ್ ಮೂರರ ಅಳತೆಯೂ ವಿದ್ಯುತ್ ಸಂಸ್ಥೆಯ ಸೌಜನ್ಯದ ಮೇಲೆ ನಿಲ್ಲದೆ ಕಾನೂನಿನ ರಕ್ಷಣೆ ಪಡೆಯಬೇಕು. ಹವಾಮಾನ ಇಲಾಖೆಯ ವರದಿ, ಪತ್ರಿಕೆಯ ಸುದ್ದಿ ಎರಡರಲ್ಲೂ ಗರಿಷ್ಠದ ಪಕ್ಕದಲ್ಲೇ ಅಕ್ಟೋಬರ್ 1ರ ಆಳವೂ ಋತುವಿನ ಒಟ್ಟು ಮೀಟರ್-ದಿನವೂ ಬರಬೇಕು. 2004ರಿಂದ ಆ ಬೆಟ್ಟಗಳ ಮೇಲೆ ಸಿಲ್ವರ್ ಅಯೋಡೈಡ್ ಬಿಟ್ಟು ಮೋಡ ಬಿತ್ತನೆ ನಡೆದಿರುವುದರಿಂದ, ಆ ವರ್ಷಗಳ ಅಂಕಿಗಳಲ್ಲಿ ಪ್ರಕೃತಿಯದೆಷ್ಟು, ಬಿತ್ತನೆಯದೆಷ್ಟು ಎಂಬ ವಿಂಗಡಣೆಯೂ ಅದೇ ಕೋಷ್ಟಕದಲ್ಲಿ ಇರಬೇಕು. ಕೃತಕ ಹಿಮದ ಯಂತ್ರಗಳಿಗೆ ಸಾರ್ವಜನಿಕ ಹಣ ಕೊಡುವ ಮುನ್ನ, ತಗ್ಗಿನ ರೆಸಾರ್ಟುಗಳಲ್ಲಿ ಆ ಯಂತ್ರ ಓಡುವಷ್ಟು ತಂಪಾದ ರಾತ್ರಿಗಳೇ ಎಷ್ಟು ಉಳಿಯಲಿವೆ ಎಂಬ ಲೆಕ್ಕ ಜನರ ಮುಂದೆ ಬರಬೇಕು.

ಕರ್ನಾಟಕದ ಪಾಲಿನ ಕೆಲಸವೂ ಕಾಯುತ್ತಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂದು ಗ್ರಾಮ ಪಂಚಾಯಿತಿ ಮಟ್ಟದವರೆಗೆ, ಆರು ಸಾವಿರಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಇಟ್ಟಿದೆ. ದೇಶದಲ್ಲೇ ದಟ್ಟವಾದ ಜಾಲಗಳಲ್ಲಿ ಅದೂ ಒಂದು. ಅದರ ಬಗ್ಗೆ ಹೆಮ್ಮೆ ಪಡಬೇಕು. ಆದರೆ ಅದರ ಬಹುಪಾಲು ದಾಖಲೆಯ ವಯಸ್ಸು ಇನ್ನೂ ಎರಡು ದಶಕ ತುಂಬಿಲ್ಲ. ಅಷ್ಟರಿಂದಲೇ ಯಾವ ತಾಲ್ಲೂಕಿನ ಮಳೆ ಏರಿತು, ಇಳಿಯಿತು ಎಂದು ತೀರ್ಪು ಕೊಡಲಾಗದು. ಮೈಸೂರು ಸಂಸ್ಥಾನವಾದರೋ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಮಳೆ ನೋಂದಣಿಯ ವಾರ್ಷಿಕ ವರದಿಗಳನ್ನು ಅಚ್ಚು ಹಾಕಿಸುತ್ತಿತ್ತು. ಆ ಹಳೆಯ ಪುಟಗಳನ್ನು ಕಂಪ್ಯೂಟರಿಗೆ ಏರಿಸಿ ಎಲ್ಲರಿಗೂ ತೆರೆದಿಡಬೇಕು. ತಾಲ್ಲೂಕು ಕಚೇರಿಯ ಅಂಗಳದ ಹಳೆಯ ಮಾಪಕವನ್ನು ಕಿತ್ತೊಗೆಯದೆ, ಹೊಸ ಯಂತ್ರದ ಪಕ್ಕದಲ್ಲೇ ಕೆಲವು ವರ್ಷ ಎರಡನ್ನೂ ಓದಿ, ಒಂದರ ಅಂಕಿ ಇನ್ನೊಂದಕ್ಕೆ ಹೇಗೆ ಹೊಂದುತ್ತದೆ ಎಂದು ಬರೆದಿಡಬೇಕು. ಕಟ್ಟಡ ವಿಸ್ತರಣೆಗೋ ಪಾರ್ಕಿಂಗ್ ಜಾಗಕ್ಕೋ ಮಾಪಕವನ್ನು ಜರುಗಿಸುವುದಾದರೆ ಆ ದಿನಾಂಕವೂ ಹೊಸ ಜಾಗದ ವಿವರವೂ ಅದೇ ಪುಸ್ತಕದಲ್ಲಿ ದಾಖಲಾಗಬೇಕು.